ಮೂವತ್ತು ಜನ, ಮೂರು ನಗರ: ವಿದ್ಯಾರ್ಥಿಗಳ ನಾರ್ಡಿಕ್ ಪ್ರವಾಸ

‘ಒಂಬತ್ತು ರಾತ್ರಿ, ಐದು ರಾಜಧಾನಿ’ ಎಂಬ ಪಟ್ಟಿ ಕಂಡರೆ ವಿದ್ಯಾರ್ಥಿಗಳಿಗೂ ಖುಷಿ, ಪೋಷಕರಿಗೂ ಖುಷಿ. ಕೊಟ್ಟ ದುಡ್ಡಿಗೆ ಐದು ದೇಶ ಸಿಕ್ಕಿತಲ್ಲ! ಆದರೆ ಮೂವತ್ತು ಜನರನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿ ಗೊತ್ತಿರುವ ಯಾವ ಮೇಷ್ಟರನ್ನಾದರೂ ಕೇಳಿ ನೋಡಿ. ಕೊಠಡಿ ಖಾಲಿ ಮಾಡಿಸಬೇಕು, ಬೀಗದ ಕೈ ಒಪ್ಪಿಸಬೇಕು, ತಲೆ ಎಣಿಸಬೇಕು, ಅಷ್ಟರಲ್ಲಿ ಒಬ್ಬ ಮರೆತ ಚಾರ್ಜರ್‌ಗಾಗಿ ಮೇಲಕ್ಕೆ ಓಡುತ್ತಾನೆ. ಆಮೇಲೆ ನಿಲ್ದಾಣ, ಪ್ರಯಾಣ, ಮತ್ತೆ ಹೊಸ ಹಾಸ್ಟೆಲ್ಲಿನ ಕೌಂಟರಿನ ಮುಂದೆ ಮೂವತ್ತು ಪಾಸ್‌ಪೋರ್ಟ್. ಊರು ಬದಲಾದಾಗಲೆಲ್ಲ ಒಂದು ಹಗಲು ಹೋಯಿತೆಂದೇ ಲೆಕ್ಕ. ಐದು ರಾಜಧಾನಿ ಎಂದರೆ ನಾಲ್ಕು ಹಗಲು ಬರೀ ಸೂಟ್‌ಕೇಸಿನ ಹಿಂದೆ.

ಹಾಗಾಗಿ ಇಲ್ಲಿ ಹೇಳುತ್ತಿರುವುದು ಮೂರೇ ನಗರಗಳ ಮಾತು: ಡೆನ್ಮಾರ್ಕಿನ ಕೋಪನ್‌ಹೇಗನ್, ಸ್ವೀಡನ್ನಿನ ಸ್ಟಾಕ್‌ಹೋಮ್, ಫಿನ್ಲೆಂಡಿನ ಹೆಲ್ಸಿಂಕಿ. ಮೊದಲ ಎರಡರ ನಡುವೆ ರೈಲು, ಆಮೇಲೆ ರಾತ್ರಿ ಹಡಗು. ಈ ಎರಡು ಪ್ರಯಾಣಗಳೂ ನೋಡುವಂಥವೇ ಆದ್ದರಿಂದ ಆ ದಿನಗಳು ದಂಡವಾಗುವುದಿಲ್ಲ. ನಾರ್ಡಿಕ್ ದೇಶಗಳು ದುಬಾರಿ ಎಂಬ ಮಾತೂ ಅರ್ಧ ಮಾತ್ರ ನಿಜ. ಹಾಸಿಗೆ, ಊಟ, ಟ್ಯಾಕ್ಸಿ ದುಬಾರಿ. ಆದರೆ ಅಲ್ಲಿಯ ಜನ ತಮಗಾಗಿ ಕಟ್ಟಿಕೊಂಡ ಗ್ರಂಥಾಲಯ, ಬಂದರಿನ ದಡ, ಮೆಟ್ರೋ, ಉದ್ಯಾನಗಳು ಪುಕ್ಕಟೆಯಾಗಿ, ಇಲ್ಲವೇ ಒಂದು ಬಸ್ ಟಿಕೆಟಿನ ಬೆಲೆಗೆ ಸಿಗುತ್ತವೆ. ನೋಡಲು ಯೋಗ್ಯವಾದದ್ದೂ ಬಹುಪಾಲು ಅವೇ.

ಯಾವಾಗ ಹೋಗಬೇಕು

ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನಿನಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಹತ್ತೊಂಬತ್ತು ಗಂಟೆಯ ಹತ್ತಿರ ಇರುತ್ತದೆ. ಅದೇ ಊರಲ್ಲಿ ಡಿಸೆಂಬರ್ ಕೊನೆಗೆ ಆರು ಗಂಟೆಯೂ ಇಲ್ಲ. ಹಿಮ ನೋಡುವ ಆಸೆಗೆ ಚಳಿಗಾಲದಲ್ಲಿ ಗುಂಪು ಕರೆದುಕೊಂಡು ಹೋದರೆ ಮಧ್ಯಾಹ್ನ ಮೂರೂವರೆಗೆ ಕತ್ತಲಾಗಿ ಎಲ್ಲರೂ ಕೊಠಡಿ ಸೇರಬೇಕಾಗುತ್ತದೆ.

ಒಂದು ವಾರಾಂತ್ಯವನ್ನು ಮಾತ್ರ ಕಡ್ಡಾಯವಾಗಿ ತಪ್ಪಿಸಿ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಸ್ವೀಡನ್ ಮತ್ತು ಫಿನ್ಲೆಂಡಿನಲ್ಲಿ ನಡುಬೇಸಿಗೆ ಹಬ್ಬದ ಮುನ್ನಾದಿನ. ಊರಿನವರೆಲ್ಲ ಹಳ್ಳಿಮನೆಗಳಿಗೆ, ಕೆರೆಯ ದಡಗಳಿಗೆ ಹೊರಟುಬಿಡುತ್ತಾರೆ. ಅಂಗಡಿ, ಹೋಟೆಲು, ಸಂಗ್ರಹಾಲಯಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಸೋಮವಾರ ರಜೆ ಇರುವ ಸಂಗ್ರಹಾಲಯಗಳೂ ಅನೇಕ. ಸೋಮವಾರವನ್ನು ನಡಿಗೆಗೆ, ದೋಣಿಗೆ, ಪ್ರಯಾಣಕ್ಕೆ ಇಟ್ಟುಕೊಂಡರೆ ನಷ್ಟವಿಲ್ಲ.

ಕಾಗದಪತ್ರ

ಈ ಮೂರು ದೇಶಗಳೂ, ನಾರ್ವೆ ಮತ್ತು ಐಸ್‌ಲೆಂಡ್ ಕೂಡ, ಷೆಂಗೆನ್ ವಲಯದಲ್ಲಿವೆ. ಒಂದೇ ವೀಸಾ ಸಾಕು. ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಕೋಪನ್‌ಹೇಗನ್‌ನಲ್ಲಿ ಮೂರು ರಾತ್ರಿ, ಸ್ಟಾಕ್‌ಹೋಮಿನಲ್ಲಿ ನಾಲ್ಕು, ಹಡಗಿನಲ್ಲಿ ಒಂದು, ಹೆಲ್ಸಿಂಕಿಯಲ್ಲಿ ಎರಡು ಎಂದು ಹಂಚಿಕೊಂಡರೆ ಗೊಂದಲವಿಲ್ಲ, ಸ್ವೀಡನ್ನಿಗೇ ಅರ್ಜಿ. ಪ್ರವಾಸಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ ಹದಿನೈದು ದಿನ ಮೊದಲಾದರೂ ಹಾಕಲೇಬೇಕು ಎಂಬುದು ನಿಯಮ. ಗುಂಪಿನವರು ಈ ಎರಡನೆಯ ಅಂಕಿಯನ್ನು ಮರೆತುಬಿಡುವುದು ಒಳ್ಳೆಯದು. ಮೂವತ್ತು ಜನರಿಗೆ ಬೆರಳಚ್ಚಿನ ದಿನಾಂಕ ಒಟ್ಟಿಗೆ ಸಿಗುವುದೇ ಕಷ್ಟ, ಮೂರು ತಿಂಗಳು ಮುಂಚೆ ಶುರುಮಾಡಿ.

ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅಧ್ಯಯನ ಅಥವಾ ಶೈಕ್ಷಣಿಕ ತರಬೇತಿಗೆಂದು ಹೋಗುವ ವಿದ್ಯಾರ್ಥಿಗಳಿಗೂ ಅವರ ಜೊತೆಗಿನ ಅಧ್ಯಾಪಕರಿಗೂ ಷೆಂಗೆನ್ ನಿಯಮಾವಳಿಯಲ್ಲಿ ಈ ಶುಲ್ಕದ ವಿನಾಯಿತಿ ಇದೆ. ಅಲ್ಲಿಯ ವಿಶ್ವವಿದ್ಯಾಲಯವೊಂದರ ಆಹ್ವಾನಪತ್ರ, ದಿನದಿನದ ಕಾರ್ಯಕ್ರಮದ ವಿವರ ಇದ್ದರೆ ಕೇಳಿ ನೋಡಬಹುದು. ಬರಿಯ ಊರು ನೋಡುವ ಪ್ರವಾಸಕ್ಕೆ ಅದು ಅನ್ವಯಿಸದು, ಮತ್ತು ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಹದಿನೆಂಟು ತುಂಬದವರಿದ್ದರೆ ತಂದೆತಾಯಿ ಇಬ್ಬರ ಒಪ್ಪಿಗೆ ಪತ್ರ ಬೇಕು. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ಕಡೆ ವಾಸದ ಪರವಾನಗಿ ಪಡೆದು ಓದುತ್ತಿರುವ ಕನ್ನಡದ ಹುಡುಗರಿಗೆ ಈ ಯಾವ ವೀಸಾವೂ ಬೇಡ, ಪರವಾನಗಿ ಮತ್ತು ಪಾಸ್‌ಪೋರ್ಟ್ ಜೊತೆಗಿದ್ದರಾಯಿತು. ಬ್ರಿಟನ್ನಿನಲ್ಲಿ ಓದುತ್ತಿರುವವರಿಗೆ ಮಾತ್ರ ಬೇಕೇ ಬೇಕು.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಗುಂಪಿನ ಟಿಕೆಟ್ ಮಾಡಿಸುವವರು ಅಂಕಪಟ್ಟಿ ನೋಡಿ ಹೆಸರು ಬರೆದುಕೊಟ್ಟರೆ ವಿಮಾನ ನಿಲ್ದಾಣದಲ್ಲಿ ತಕರಾರು ಖಚಿತ. ವೀಸಾ ಅರ್ಜಿ, ಟಿಕೆಟ್, ವಿಮೆ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅದೇ ಕಾಗುಣಿತದಲ್ಲಿ ಹೆಸರು ಇರಲಿ. ಪಾಸ್‌ಪೋರ್ಟಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಇಬ್ಬರು ಕೂತು ತಾಳೆ ನೋಡಿ.

ವಿಮಾನದ ಟಿಕೆಟನ್ನು ಕೋಪನ್‌ಹೇಗನ್‌ಗೆ ಇಳಿದು ಹೆಲ್ಸಿಂಕಿಯಿಂದ ಹಾರುವಂತೆ ಮಾಡಿಸಿ. ಇಳಿದ ಊರಿಗೇ ವಾಪಸ್ ಬರುವ ಟಿಕೆಟ್ ಕೊಂಚ ಅಗ್ಗ ಕಂಡರೂ ಹಿಂತಿರುಗುವ ಖರ್ಚು, ಒಂದು ದಿನ ಎರಡೂ ಕೈಬಿಟ್ಟು ಹೋಗುತ್ತವೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ. ದುಬೈ, ದೋಹಾ ಮೂಲಕ ಹೋದರೆ ಕೋಪನ್‌ಹೇಗನ್‌ನಲ್ಲಿ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಚಿತ್ರ ತೆಗೆದು ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಯುರೋಪಿನ ಒಳಗೆ ವಿಮಾನ ಬದಲಿಸುವುದಿದ್ದರೆ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ.

ದುಡ್ಡು

ಡೆನ್ಮಾರ್ಕಿಗೊಂದು ಕ್ರೋನ, ಸ್ವೀಡನ್ನಿಗೊಂದು ಕ್ರೋನ, ನಾರ್ವೆಗೆ ಮತ್ತೊಂದು. ಮೂರೂ ಬೇರೆ ಬೇರೆ ನಾಣ್ಯ, ಒಂದರ ಬದಲು ಇನ್ನೊಂದು ನಡೆಯದು. ಫಿನ್ಲೆಂಡಿನಲ್ಲಿ ಯೂರೋ. ಸಮಾಧಾನದ ಸಂಗತಿಯೆಂದರೆ ನಗದು ಬಹುತೇಕ ಬೇಕಾಗುವುದೇ ಇಲ್ಲ. ಸ್ಟಾಕ್‌ಹೋಮಿನ ಎಷ್ಟೋ ಅಂಗಡಿಗಳಲ್ಲಿ ನೋಟು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಬಸ್ಸಿನಲ್ಲೂ ಇಲ್ಲ. ಹಾಗಾಗಿ ಪ್ರತಿಯೊಬ್ಬರಲ್ಲೂ ತಟ್ಟಿದರೆ ಹಣ ಕಡಿತವಾಗುವ ಕಾರ್ಡ್ ಬೇಕು, ಗುಂಪಿನ ಇಬ್ಬರಲ್ಲಿ ಬದಲಿ ಕಾರ್ಡ್ ಇರಬೇಕು. ಫಾರೆಕ್ಸ್ ಕಾರ್ಡ್ ಮಾಡಿಸುವಾಗ ಅದರಲ್ಲಿ ಕ್ರೋನ ತುಂಬಿಸಬಹುದೇ ಎಂದು ಕೇಳಿ. ಯೂರೋ ಮಾತ್ರ ಇದ್ದರೆ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಪ್ರತಿ ಖರ್ಚಿಗೂ ಪರಿವರ್ತನೆಯ ಶುಲ್ಕ ಬೀಳುತ್ತದೆ. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ಕ್ರೋನದಲ್ಲೋ’ ಎಂದು ಕೇಳಿದರೆ ಕ್ರೋನ ಒತ್ತಿ. ರೂಪಾಯಿ ಎಂದರೆ ದರ ಅವರಿಟ್ಟದ್ದು.

ಹಾಸಿಗೆ, ಒಗ್ಗರಣೆ, ಪೇಡ

ಹಾಸ್ಟೆಲ್ಲುಗಳು ಶುಚಿ. ಆದರೆ ಹಾಸುವ ಬಟ್ಟೆ ಎಲ್ಲ ಕಡೆ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಒಂದು ಬೆಡ್‌ಶೀಟ್, ದಿಂಬಿನ ಚೀಲ, ಟವೆಲ್ಲು ಮನೆಯಿಂದ ಒಯ್ದರೆ ಮೂವತ್ತು ಜನರ ಲೆಕ್ಕದಲ್ಲಿ ದೊಡ್ಡ ಉಳಿತಾಯ. ಹೆಚ್ಚಿನ ಕಡೆ ಎಲ್ಲರಿಗೂ ಸೇರಿದ ಅಡುಗೆಮನೆ ಇರುತ್ತದೆ. ಅಲ್ಲಿ ಅಕ್ಕಿ ಬೇಯಿಸಬಹುದು, ರೆಡಿಮೇಡ್ ಉಪ್ಪಿಟ್ಟಿಗೆ ಬಿಸಿನೀರು ಹಾಕಬಹುದು. ಒಗ್ಗರಣೆ ಮಾತ್ರ ಬೇಡ. ಸಾಸಿವೆ ಸಿಡಿದು ಒಣಮೆಣಸಿನಕಾಯಿಯ ಘಾಟು ಮೇಲೆದ್ದರೆ ಚಾವಣಿಯ ಹೊಗೆ ಅಲಾರಂ ಕೂಗುತ್ತದೆ, ಇಡೀ ಕಟ್ಟಡ ಖಾಲಿಯಾಗುತ್ತದೆ, ಅಗ್ನಿಶಾಮಕದವರು ಬಂದು ಹೋದ ಖರ್ಚಿನ ಚೀಟಿ ನಿಮ್ಮ ಕೈಗೆ ಬರಬಹುದು.

ಊರಿನಿಂದ ಏನು ಒಯ್ಯಬಹುದು ಎಂಬುದಕ್ಕೆ ಐರೋಪ್ಯ ಒಕ್ಕೂಟದ ಕಟ್ಟುನಿಟ್ಟಿನ ನಿಯಮವಿದೆ. ಹೊರದೇಶದಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ಧಾರವಾಡ ಪೇಡ, ಕುಂದಾ, ತುಪ್ಪದ ಡಬ್ಬಿ ಎಲ್ಲ ಆ ಪಟ್ಟಿಗೆ ಬರುತ್ತವೆ. ಹಸಿ ಕರಿಬೇವು, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್ ಮತ್ತು ದುರಿಯನ್ ಹಣ್ಣಿಗೆ ಮಾತ್ರ ವಿನಾಯಿತಿ. ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿ, ಹುರಿದ ಶೇಂಗಾಕ್ಕೆ ತೊಂದರೆಯಿಲ್ಲ.

ಹೊರಗೆ ಉಣ್ಣುವುದಿದ್ದರೆ ಮಧ್ಯಾಹ್ನ ಉಣ್ಣಿ, ರಾತ್ರಿ ಕೊಠಡಿಯಲ್ಲಿ ಹಗುರವಾಗಿ ಮುಗಿಸಿ. ಸ್ವೀಡನ್ನಿನಲ್ಲಿ ‘ದಾಗೆನ್ಸ್’, ಫಿನ್ಲೆಂಡಿನಲ್ಲಿ ‘ಲೌನಸ್’ ಎಂಬ ಫಲಕ ಕಂಡಲ್ಲಿ ವಾರದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ನಿಗದಿತ ಬೆಲೆಗೆ ಊಟ, ಜೊತೆಗೆ ಸಾಮಾನ್ಯವಾಗಿ ಹಸಿ ತರಕಾರಿ, ಬ್ರೆಡ್ಡು, ಕಾಫಿ. ಅದೇ ಅಡುಗೆಮನೆಯ ರಾತ್ರಿಯೂಟದ ಬೆಲೆ ಕೇಳಿದರೆ ಹಸಿವೇ ಇಂಗಿಹೋಗುತ್ತದೆ. ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎನ್ನುವುದಕ್ಕಿಂತ ‘ವೀಗನ್’ ಎಂದು ಕೇಳುವುದು ಸುರಕ್ಷಿತ. ಅಲ್ಲಿಯ ವೆಜಿಟೇರಿಯನ್ ತಿನಿಸಿನಲ್ಲಿ ಮೊಟ್ಟೆ ಧಾರಾಳ. ಕುಡಿಯುವ ನೀರು ಕೊಳ್ಳಲೇಬೇಡಿ, ಎಲ್ಲ ನಲ್ಲಿಯ ನೀರೂ ಕುಡಿಯುವಂಥದೇ. ತಂಪುಪಾನೀಯ ಕೊಂಡರೆ ಖಾಲಿ ಬಾಟಲಿ ಎಸೆಯಬೇಡಿ, ಅದರ ಬೆಲೆಯಲ್ಲಿ ಠೇವಣಿ ಸೇರಿದೆ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಆದರೆ ಡೆನ್ಮಾರ್ಕಿನ ಬಾಟಲಿಗೆ ಸ್ವೀಡನ್ನಿನ ಯಂತ್ರ ಹಣ ಕೊಡುವುದಿಲ್ಲ, ಊರು ಬಿಡುವ ಮುನ್ನ ಮುಗಿಸಿಕೊಳ್ಳಿ.

ಕೋಪನ್‌ಹೇಗನ್

ಎಲ್ಲ ಗುಂಪುಗಳೂ ಮೊದಲು ಓಡುವುದು ಮತ್ಸ್ಯಕನ್ಯೆಯ ವಿಗ್ರಹಕ್ಕೆ. 1913ರಲ್ಲಿ ನಿಲ್ಲಿಸಿದ ಈ ಕಂಚಿನ ಮೂರ್ತಿಯ ಎತ್ತರ ಒಂದೂಕಾಲು ಮೀಟರ್. ನೋಡಿದವರು ‘ಇಷ್ಟೇನಾ?’ ಎನ್ನುವುದು ವಾಡಿಕೆ. ಅದಕ್ಕೆಂದೇ ಹೋಗುವ ಬದಲು ಬಣ್ಣಬಣ್ಣದ ಹಳೆಯ ಮನೆಗಳ ನೂಹಾನ್ ಕಾಲುವೆಯಿಂದ ದಡ ಹಿಡಿದು ನಡೆಯಿರಿ. ಅಲ್ಲಿಯ ಮೂರು ಮನೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ವಾಸವಿದ್ದ. ಮುಂದೆ ಅರಮನೆ, ನಕ್ಷತ್ರಾಕಾರದ ಕಾಸ್ಟೆಲೆಟ್ ಕೋಟೆ, ಆಮೇಲೆ ಮತ್ಸ್ಯಕನ್ಯೆ. ಹಿಂದಿರುಗುವಾಗ ಬಂದರಿನ ಹಳದಿ ದೋಣಿ ಬಸ್ ಹತ್ತಿ. ಇದು ನಗರ ಸಾರಿಗೆಯದ್ದು, ಬಸ್ಸು ಮೆಟ್ರೋಗಳ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. ಇದು ಗೊತ್ತಿದ್ದರೆ ಪ್ರವಾಸಿಗರ ಕಾಲುವೆ ವಿಹಾರಕ್ಕೆ ದುಡ್ಡು ಸುರಿಯುವ ಅಗತ್ಯ ಬೀಳದು.

ಊರನ್ನು ಮೇಲಿನಿಂದ ನೋಡಲು ಎರಡು ಗೋಪುರ. ಸಂಸತ್ತಿರುವ ಕ್ರಿಶ್ಚಿಯನ್ಸ್‌ಬೋರ್ ಅರಮನೆಯ ಗೋಪುರಕ್ಕೆ ಪ್ರವೇಶ ಉಚಿತ. ಟಿಕೆಟ್ ಇದ್ದರೂ ನನಗೆ ಹೆಚ್ಚು ಇಷ್ಟವಾಗುವುದು 1642ರಲ್ಲಿ ಮುಗಿದ ರುಂಡೆಟೋರ್ನ್ ಎಂಬ ದುಂಡು ಗೋಪುರ. ಕೊನೆಯ ತುಸು ದೂರ ಬಿಟ್ಟರೆ ಮೆಟ್ಟಿಲುಗಳೇ ಇಲ್ಲ, ಸುತ್ತುತ್ತ ಏರುವ ಇಳಿಜಾರು ದಾರಿ. ಮೇಲೆ ಖಗೋಳ ವೀಕ್ಷಣಾಲಯ. ಕಟ್ಟಿಸಿದವನು ದೊರೆ ನಾಲ್ಕನೇ ಕ್ರಿಶ್ಚಿಯನ್. ಅವನ ಕಾಲದಲ್ಲೇ, 1620ರಲ್ಲಿ, ಡೇನರು ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿ ವ್ಯಾಪಾರ ಶುರುಮಾಡಿದ್ದು. 1845ರಲ್ಲಿ ಅದನ್ನು ಇಂಗ್ಲಿಷರಿಗೆ ಮಾರಿದರು. ಡೆನ್ಮಾರ್ಕಿಗೂ ನಮ್ಮ ದಕ್ಷಿಣಕ್ಕೂ ಇನ್ನೂರ ಇಪ್ಪತ್ತೈದು ವರ್ಷದ ನಂಟಿತ್ತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಲು ಆ ಗೋಪುರದ ತುದಿಗಿಂತ ಒಳ್ಳೆಯ ಜಾಗವಿಲ್ಲ.

ವಿಜ್ಞಾನದ ಹುಡುಗರನ್ನು ಅಸಿಸ್ಟೆನ್ಸ್ ಸ್ಮಶಾನಕ್ಕೆ ಕರೆದೊಯ್ಯಿರಿ. ನೀಲ್ಸ್ ಬೋರ್, ತತ್ತ್ವಜ್ಞಾನಿ ಕೀರ್ಕೆಗಾರ್, ಕಥೆಗಾರ ಆಂಡರ್ಸನ್ ಮೂವರ ಸಮಾಧಿಗಳೂ ಅಲ್ಲಿವೆ. ಸ್ಮಶಾನ ಎಂದು ಮೂಗು ಮುರಿಯಬೇಡಿ, ಊರಿನವರು ಅಲ್ಲಿ ಪುಸ್ತಕ ಹಿಡಿದು ಬಿಸಿಲು ಕಾಯುತ್ತಾರೆ. ಎಂಜಿನಿಯರಿಂಗ್‌ನವರಿಗೆ ಅಮಾಗರ್ ಬಕ್ಕೆ. ಊರಿನ ಕಸ ಸುಟ್ಟು ವಿದ್ಯುತ್ತು, ಮನೆಗಳಿಗೆ ಬಿಸಿನೀರು ಕೊಡುವ ಸ್ಥಾವರ ಇದು. ಅದರ ಇಳಿಜಾರು ಮಾಡಿನ ಮೇಲೆ ಸ್ಕೀ ಜಾರುವ ಹಾದಿ, ಪಕ್ಕದಲ್ಲಿ ಕಾಲ್ನಡಿಗೆಯ ದಾರಿ ಮಾಡಿದ್ದಾರೆ. ನಡೆದು ಹತ್ತುವುದಕ್ಕೆ ಹಣವಿಲ್ಲ. ಕಸದ ರಾಶಿಗೆ ಊರಾಚೆಯ ಹಳ್ಳಿ ಹುಡುಕುವ ನಗರಗಳಿಂದ ಹೋದವರು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು.

ಸೈಕಲ್ ಬಗ್ಗೆ ಎಚ್ಚರಿಕೆ. ಕೋಪನ್‌ಹೇಗನ್‌ನ ಸೈಕಲ್ ದಾರಿ ಪಾದಚಾರಿ ದಾರಿಯ ಪಕ್ಕದಲ್ಲೇ, ಅಂಗುಲ ತಗ್ಗಿನಲ್ಲಿ ಇರುತ್ತದೆ. ಫೋಟೊಗೆಂದು ಅದರ ಮೇಲೆ ಗುಂಪಾಗಿ ನಿಂತರೆ ಬೆಲ್ಲಿನ ಜೊತೆ ಬೈಗುಳವೂ ಬರುತ್ತದೆ, ಏಕೆಂದರೆ ಅವರು ಕೆಲಸಕ್ಕೆ ಹೊರಟವರು. ಬಾಡಿಗೆಗೆ ಪಡೆದರೆ ಬಲಬದಿಯಲ್ಲೇ ಹೋಗಿ, ನಿಲ್ಲಿಸುವ ಮುನ್ನ ಕೈಯೆತ್ತಿ. ಎಡಕ್ಕೆ ತಿರುಗುವಾಗ ಮೊದಲು ನೇರ ದಾಟಿ ಆಚೆ ಮೂಲೆಯಲ್ಲಿ ನಿಂತು, ಆ ಕಡೆಯ ಹಸಿರು ದೀಪಕ್ಕೆ ಹೊರಡಬೇಕು. ಇಡೀ ಗುಂಪು ಒಟ್ಟಿಗೆ ಸೈಕಲ್ ಹತ್ತುವುದು ಬೇಡ, ಐದೈದು ಜನ ಸಾಕು.

ಸೇತುವೆ ದಾಟಿ

ಕೋಪನ್‌ಹೇಗನ್‌ನಿಂದ ಹೊರಟ ರೈಲು ಮೊದಲು ಸಮುದ್ರದ ಕೆಳಗಿನ ನಾಲ್ಕು ಕಿಲೋಮೀಟರಿನ ಸುರಂಗಕ್ಕೆ ಇಳಿಯುತ್ತದೆ. ಮಾನವ ನಿರ್ಮಿತ ದ್ವೀಪವೊಂದರಲ್ಲಿ ಮೇಲೆದ್ದು, ಎಂಟು ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಓರೆಸುಂಡ್ ಸೇತುವೆ ಹತ್ತಿ ಸ್ವೀಡನ್ನಿನ ಮಾಲ್ಮೋ ಸೇರುತ್ತದೆ. ಸೇತುವೆ ತೆರೆದದ್ದು 2000ದ ಜುಲೈಯಲ್ಲಿ. ಮೇಲಿನ ಅಂತಸ್ತಿನಲ್ಲಿ ಕಾರು, ಕೆಳಗೆ ರೈಲು. ಷೆಂಗೆನ್ ಎಂದು ಪಾಸ್‌ಪೋರ್ಟುಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ, ಸ್ವೀಡನ್ ಬದಿಯಲ್ಲಿ ಪೊಲೀಸರು ಹತ್ತಿ ಕೇಳಬಹುದು. ನೇರ ರೈಲಿನಲ್ಲಿ ಸ್ಟಾಕ್‌ಹೋಮಿಗೆ ಐದು ಗಂಟೆಯ ಆಸುಪಾಸು. ಬೆಲೆ ವಿಮಾನದ ಟಿಕೆಟಿನ ಹಾಗೆ ದಿನ ಹತ್ತಿರವಾದಷ್ಟೂ ಏರುತ್ತದೆ. ಕೆಲವು ಬೋಗಿಗಳು ಮೌನದ ಬೋಗಿಗಳು. ಅಂತ್ಯಾಕ್ಷರಿ ಆಡುವ ಗುಂಪಿಗೆ ಅಲ್ಲಿ ಸೀಟು ಹಾಕಿಸಿಬಿಟ್ಟರೆ ಎರಡು ಕಡೆಯವರಿಗೂ ಕಷ್ಟ.

ಸ್ಟಾಕ್‌ಹೋಮ್

ಸ್ಟಾಕ್‌ಹೋಮಿನಲ್ಲಿ ಒಂದೇ ಒಂದು ಟಿಕೆಟ್ಟಿಗೆ ದುಡ್ಡಿದೆ ಎಂದಾದರೆ ಅದು ವಾಸಾ ಸಂಗ್ರಹಾಲಯಕ್ಕೆ. ಹದಿನೆಂಟರ ಒಳಗಿನವರಿಗೆ ಅದೂ ಇಲ್ಲ. ದೊರೆ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ ವಾಸಾ 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಸುಮಾರು 1,300 ಮೀಟರ್ ಸಾಗಿ, ಬಂದರಿನೊಳಗೇ, ಊರವರ ಕಣ್ಣೆದುರೇ ಮುಳುಗಿತು. ಎರಡು ಅಂತಸ್ತಿನಲ್ಲಿ 64 ಫಿರಂಗಿ. ಮೇಲ್ಭಾಗಕ್ಕೆ ಭಾರ ಹೆಚ್ಚು, ಒಡಲು ಕಿರಿದು, ತಳದಲ್ಲಿ ಸಾಕಷ್ಟು ಕಲ್ಲಿನ ಭಾರವಿಲ್ಲ. ಹೊರಡುವ ಮುನ್ನ ಒಂದು ಪರೀಕ್ಷೆ ನಡೆದಿತ್ತು. ಮೂವತ್ತು ಜನರನ್ನು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿದರು. ಮೂರನೆಯ ಓಟಕ್ಕೇ ಹಡಗು ವಿಪರೀತ ತೂಗಾಡಿತೆಂದು ಪರೀಕ್ಷೆ ನಿಲ್ಲಿಸಿದರು. ಹಡಗನ್ನು ಮಾತ್ರ ಕಳಿಸಿದರು! ವಿಚಾರಣೆಯಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಒಳಗೆ ಸಿಕ್ಕ ಬಡಗಿಗಳ ಅಳತೆಗೋಲುಗಳಲ್ಲಿ ಕೆಲವು ಸ್ವೀಡಿಷ್ ಅಡಿಯವು, ಕೆಲವು ಅದಕ್ಕಿಂತ ಚಿಕ್ಕದಾದ ಆಮ್‌ಸ್ಟರ್‌ಡಾಮ್ ಅಡಿಯವು.

ಮುನ್ನೂರ ಮೂವತ್ತಮೂರು ವರ್ಷ ಕೆಸರಿನಲ್ಲಿದ್ದ ಹಡಗನ್ನು 1961ರ ಏಪ್ರಿಲ್ 24ರಂದು ಮೇಲೆತ್ತಿದರು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ, ಹಾಗಾಗಿ ಉಳಿಯಿತು. ಆಮೇಲೆ ಮರ ಬಿರಿಯದಂತೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಹದಿನೇಳು ವರ್ಷ ಸಿಂಪಡಿಸಿದರು. ಇಂದು ಕಾಣುವುದರಲ್ಲಿ ಶೇಕಡಾ 98ರಷ್ಟು ಮೂಲ ಹಡಗೇ. ಒಳಗೆ ಬೆಳಕು ಮಂದ, ತಂಪು ಹೆಚ್ಚು, ಸ್ವೆಟರ್ ಇರಲಿ. ಮೊದಲು ಅಲ್ಲೇ ತೋರಿಸುವ ಕಿರುಚಿತ್ರ ನೋಡಿ ಆಮೇಲೆ ಹಡಗು ನೋಡಿ. ಎರಡು ಗಂಟೆಗಿಂತ ಕಡಿಮೆ ಕೊಡಬೇಡಿ. ಅಲ್ಲಿಗೆ ಹೋಗಲು ಸ್ಲುಸೆನ್‌ನಿಂದ ಯೂರ್‌ಗಾರ್ಡನ್ ದ್ವೀಪದ ದೋಣಿ ಹಿಡಿಯಿರಿ, ನಗರ ಸಾರಿಗೆಯ ಟಿಕೆಟ್ಟೇ ಸಾಕು.

ಅದೇ ಟಿಕೆಟಿನಲ್ಲಿ ಇನ್ನೊಂದು ಪುಕ್ಕಟೆ ಪ್ರದರ್ಶನವಿದೆ, ಮೆಟ್ರೋ. ನೂರು ನಿಲ್ದಾಣಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಡೆ ಕಲಾವಿದರ ಕೆಲಸ. ನೀಲಿ ಮಾರ್ಗದಲ್ಲಿ ಬಂಡೆಯನ್ನು ಕೊರೆದ ಗುಹೆಯ ಮೇಲೇ ಬಣ್ಣ ಬಳಿದಿದ್ದಾರೆ. ಟಿ-ಸೆಂಟ್ರಾಲೆನ್‌ನ ನೀಲಿ ಬಳ್ಳಿಗಳು, ಸೋಲ್ನಾ ಸೆಂಟ್ರಮ್‌ನ ಕೆಂಪು ಆಕಾಶ ಮತ್ತು ಹಸಿರು ಕಾಡು, ರೋಡ್‌ಹೂಸೆಟ್‌ನ ಬಂಡೆ, ಕುಂಗ್ಸ್‌ಟ್ರೇಡ್‌ಗಾರ್ಡನ್‌ನ ವಿಗ್ರಹಗಳು. ಒಂದು ಬಿಡಿ ಟಿಕೆಟ್ 75 ನಿಮಿಷ ನಡೆಯುತ್ತದೆ, ಈ ನಾಲ್ಕನ್ನೂ ಅಷ್ಟರಲ್ಲಿ ಮುಗಿಸಬಹುದು. ಬೆಳಗಿನ ಕಚೇರಿ ವೇಳೆ ಬೇಡ.

ಹಳೆಯ ಪೇಟೆ ಗಮ್ಲಾ ಸ್ಟಾನ್‌ನಲ್ಲಿ ನೊಬೆಲ್ ಸಂಗ್ರಹಾಲಯವಿದೆ. ಆದರೆ ಬೆಂಗಳೂರಿನವರಿಗೆ ನಾನು ಮೊದಲು ತೋರಿಸುವುದು ಹೋಟೋರ್ಗೆಟ್ ಚೌಕದ ನೀಲಿ ಸಂಗೀತ ಭವನ. 1926ರಿಂದ ನೊಬೆಲ್ ಪ್ರದಾನ ನಡೆಯುತ್ತಿರುವುದು ಅಲ್ಲೇ. ಸಿ.ವಿ. ರಾಮನ್ 1930ರ ಡಿಸೆಂಬರ್‌ನಲ್ಲಿ ಭೌತವಿಜ್ಞಾನದ ಬಹುಮಾನ ಪಡೆದದ್ದೂ ಅಲ್ಲೇ. ಮೂರು ವರ್ಷಕ್ಕೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಭವನದ ಮೆಟ್ಟಿಲುಗಳ ಮುಂದೆ ಈಗ ತರಕಾರಿ, ಹೂವಿನ ಸಂತೆ. ಬಹುಮಾನದ ಔತಣ ನಡೆಯುವ ನಗರ ಭವನವನ್ನು ಮಾರ್ಗದರ್ಶಿಯ ಜೊತೆ ಮಾತ್ರ ನೋಡಬಹುದು, ಗುಂಪಿಗೆ ಮುಂಗಡ ಕಾಯ್ದಿರಿಸಿ. ಅಲ್ಲಿಯ ‘ನೀಲಿ ಸಭಾಂಗಣ’ ನೀಲಿಯಾಗಿಲ್ಲ, ಇಟ್ಟಿಗೆ ಕೆಂಪು. ಗೋಡೆಗೆ ನೀಲಿ ಹಚ್ಚುವ ಯೋಜನೆಯನ್ನು ಇಟ್ಟಿಗೆಯ ಚೆಂದ ಕಂಡ ಮೇಲೆ ವಾಸ್ತುಶಿಲ್ಪಿ ಕೈಬಿಟ್ಟ, ಹೆಸರು ಮಾತ್ರ ಉಳಿಯಿತು.

ರಾತ್ರಿ ಹಡಗು

ಸಂಜೆ ಐದರ ಆಸುಪಾಸಿಗೆ ಸ್ಟಾಕ್‌ಹೋಮ್ ಬಿಡುವ ದೊಡ್ಡ ಹಡಗುಗಳು ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಲ್ಸಿಂಕಿ ಮುಟ್ಟುತ್ತವೆ. ನಾಲ್ಕು ಜನರ ಕ್ಯಾಬಿನ್ನಿನಲ್ಲಿ ತಲೆಗೆ ಬೀಳುವ ಬೆಲೆ ಅನೇಕ ಬಾರಿ ಸ್ಟಾಕ್‌ಹೋಮಿನ ಹಾಸ್ಟೆಲ್ ಹಾಸಿಗೆಗಿಂತ ಹೆಚ್ಚೇನಿಲ್ಲ, ಪ್ರಯಾಣವೂ ಅದರಲ್ಲೇ ಮುಗಿಯುತ್ತದೆ. ಕಿಟಕಿಯಿರುವ ಕ್ಯಾಬಿನ್ನಿಗೆ ಹಣ ಹಾಕಬೇಡಿ, ನೋಡುವುದೆಲ್ಲ ಮೇಲಿನ ಡೆಕ್ಕಿನಿಂದ. ಹೊರಟ ಮೇಲೆ ಎರಡು ಮೂರು ಗಂಟೆ ಹಡಗು ದ್ವೀಪಗಳ ನಡುವೆ, ಕೆಲವೊಮ್ಮೆ ದಡದ ಮನೆಯ ಅಂಗಳ ಕಾಣುವಷ್ಟು ಹತ್ತಿರದಲ್ಲಿ, ನಿಧಾನವಾಗಿ ಸಾಗುತ್ತದೆ. ಈ ದ್ವೀಪಸಮೂಹದಲ್ಲಿ ಮೂವತ್ತು ಸಾವಿರ ದ್ವೀಪ, ದಿಬ್ಬ, ಬಂಡೆಗಳಿವೆ ಎಂದು ಲೆಕ್ಕ. ಜೂನ್ ಬಿಸಿಲಿದ್ದರೂ ಮೇಲೆ ಗಾಳಿ ಕೊರೆಯುತ್ತದೆ, ಗಾಳಿ ತಡೆಯುವ ಜಾಕೆಟ್ ಬೇಕು. ಛತ್ರಿ ದಂಡ.

ನಡುರಾತ್ರಿಯಲ್ಲಿ ಹಡಗು ಓಲಾಂಡ್ ದ್ವೀಪದಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ಹತ್ತುವವರು ಇಳಿಯುವವರು ಕಡಿಮೆ. ಓಲಾಂಡ್ ಐರೋಪ್ಯ ಒಕ್ಕೂಟದ ತೆರಿಗೆ ವಲಯದ ಹೊರಗಿದೆ, ಅಲ್ಲಿ ತಂಗಿದರೆ ಹಡಗಿನ ಅಂಗಡಿಯಲ್ಲಿ ಸುಂಕವಿಲ್ಲದ ಮಾರಾಟ ಮಾಡಬಹುದು, ಅದೇ ಗುಟ್ಟು. ಮದ್ಯ ಅಗ್ಗ ಎಂದೇ ವಾರಾಂತ್ಯದಲ್ಲಿ ಈ ಹಡಗುಗಳಲ್ಲಿ ಗದ್ದಲ ಹೆಚ್ಚು. ವಿದ್ಯಾರ್ಥಿಗಳನ್ನು ಕರೆದೊಯ್ಯುವವರು ಭಾನುವಾರದಿಂದ ಬುಧವಾರದೊಳಗಿನ ಯಾನ ಆರಿಸಿಕೊಳ್ಳಲಿ. ಚಿಕ್ಕ ವಯಸ್ಸಿನವರು ಪ್ರಯಾಣಿಸಲು ಕಂಪನಿಗಳ ನಿಯಮ ಬೇರೆ ಬೇರೆ ಇವೆ, ಕಾಯ್ದಿರಿಸುವಾಗಲೇ ಎಲ್ಲರ ವಯಸ್ಸು ಕೊಟ್ಟು ಕೇಳಿ. ಮಲಗುವ ಮುನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡಲು ಹೇಳಿ, ಇಲ್ಲದಿದ್ದರೆ ಅರ್ಧ ಗುಂಪಿಗೆ ತಿಂಡಿ ತಪ್ಪುತ್ತದೆ.

ಹೆಲ್ಸಿಂಕಿ

ಹೆಲ್ಸಿಂಕಿ ಚಿಕ್ಕ ಊರು, ಎರಡು ದಿನ ಧಾರಾಳ. ಸೆನೆಟ್ ಚೌಕದ ಬಿಳಿಯ ಕ್ಯಾಥೆಡ್ರಲ್ಲಿನ ಎದುರು ರಷ್ಯದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ವಿಗ್ರಹ ಇಂದಿಗೂ ನಿಂತಿದೆ. 1917ರಲ್ಲಿ ರಷ್ಯದಿಂದ ಸ್ವತಂತ್ರವಾದ ದೇಶ ಅದನ್ನು ಕೆಡವಲಿಲ್ಲ. ಏಕೆ ಎಂದು ವಿದ್ಯಾರ್ಥಿಗಳಿಗೇ ಹುಡುಕಲು ಬಿಡಿ. ಮಾರುಕಟ್ಟೆ ಚೌಕದಿಂದ ಹೊರಡುವ ದೋಣಿ ಕಾಲು ಗಂಟೆಯಲ್ಲಿ ಸುವೊಮೆನ್ಲಿನ್ನ ಜಲದುರ್ಗಕ್ಕೆ ಒಯ್ಯುತ್ತದೆ. 1748ರಲ್ಲಿ ಸ್ವೀಡನ್ನಿನವರು ಕಟ್ಟಲು ತೊಡಗಿದ ಈ ಕೋಟೆ ಯುನೆಸ್ಕೋ ಪಟ್ಟಿಯಲ್ಲಿದೆ, ಕೋಟೆಯೊಳಗೆ ಇಂದಿಗೂ ಸಂಸಾರಗಳು ವಾಸವಾಗಿವೆ. ದೋಣಿಗೂ ನಗರ ಸಾರಿಗೆಯ ಟಿಕೆಟ್ಟೇ. ಬುತ್ತಿ ಕಟ್ಟಿಕೊಂಡು ಹೋಗಿ, ಆದರೆ ಮಾರುಕಟ್ಟೆ ಚೌಕದಲ್ಲಿ ಬಿಚ್ಚಬೇಡಿ. ಅಲ್ಲಿಯ ಕಡಲಕಾಗೆಗಳು ಕೈಯಿಂದಲೇ ಕಸಿದುಕೊಳ್ಳುತ್ತವೆ.

ಮಳೆ ಬಂದರೆ ಕೇಂದ್ರ ಗ್ರಂಥಾಲಯ ‘ಓದಿ’. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನ, ಸಂಸತ್ ಭವನದ ಎದುರೇ ತೆರೆದದ್ದು. ನಡುವಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಹಾಡು ಧ್ವನಿಮುದ್ರಿಸುವ ಕೊಠಡಿ. ಮೇಲಿನದರಲ್ಲಿ ಪುಸ್ತಕ, ಮಕ್ಕಳು ತಳ್ಳುಗಾಡಿಗಳ ಸಮೇತ. ಗುರುತಿನ ಚೀಟಿ ಕೇಳುವವರಿಲ್ಲ, ಚೀಲ ಹೊರಗಿಡಿ ಎನ್ನುವವರಿಲ್ಲ. ಶೌಚಾಲಯವೂ ಉಚಿತ. ಇದು ಸಣ್ಣ ಮಾತಲ್ಲ, ನಿಲ್ದಾಣಗಳಲ್ಲಿ ಅದಕ್ಕೂ ಕಾರ್ಡ್ ತಟ್ಟಬೇಕಾಗಬಹುದು. ವಿಮಾನ ನಿಲ್ದಾಣಕ್ಕೆ ನಗರ ಮಧ್ಯದಿಂದ ಅರ್ಧ ಗಂಟೆಯ ಲೋಕಲ್ ರೈಲಿದೆ. ನಿಲ್ದಾಣ ‘ಸಿ’ ವಲಯದಲ್ಲಿರುವುದರಿಂದ ‘ಎಬಿ’ ಅಲ್ಲ, ‘ಎಬಿಸಿ’ ಟಿಕೆಟ್ ಬೇಕು.

ಗುಂಪು ಕಟ್ಟುವ ಕಲೆ

ಮೂವತ್ತು ಜನರನ್ನು ಐದರ ಆರು ತಂಡ ಮಾಡಿ. ಎಣಿಸಬೇಕಾದದ್ದು ಮೂವತ್ತಲ್ಲ, ಆರು. ಮೆಟ್ರೋದಲ್ಲಿ ಯಾರಾದರೂ ಹಿಂದುಳಿದರೆ ಅವರು ಮುಂದಿನ ರೈಲು ಹತ್ತಬೇಕು, ಹೋದವರು ಮುಂದಿನ ನಿಲ್ದಾಣದಲ್ಲೇ ಇಳಿದು ಕಾಯಬೇಕು. ಈ ಒಂದು ನಿಯಮವನ್ನು ಬೆಂಗಳೂರಿನಲ್ಲೇ ಬಾಯಿಪಾಠ ಮಾಡಿಸಿ. ಮಧ್ಯಾಹ್ನದ ಮೂರು ಗಂಟೆ ತಂಡಗಳಿಗೆ ಬಿಟ್ಟುಕೊಡಿ. ಎಲ್ಲರನ್ನೂ ಸದಾ ಒಟ್ಟಿಗೆ ಎಳೆದಾಡಿದರೆ ವಿದ್ಯಾರ್ಥಿಗಳಿಗೆ ನೆನಪಿರುವುದು ಮೇಷ್ಟರ ಬೆನ್ನು ಮಾತ್ರ. ತುರ್ತಿಗೆ ಮೂರು ದೇಶಗಳಲ್ಲೂ 112. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ, ಮೂರೂ ರಾಜಧಾನಿಗಳಲ್ಲಿ ಇದೆ. ಆಂಟಿಬಯಾಟಿಕ್ ಅಂಗಡಿಯಲ್ಲಿ ಕೇಳಿದರೆ ಸಿಗದು, ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ನಮ್ಮ ದುಂಡು ಕಡ್ಡಿಯ ದೊಡ್ಡ ಪ್ಲಗ್ಗು ಅಲ್ಲಿ ಕೂರುವುದಿಲ್ಲ. ತಂಡಕ್ಕೊಂದು ಅಡಾಪ್ಟರ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಐವರ ಫೋನೂ ನಡೆಯುತ್ತದೆ.

ನಾರ್ವೆಯ ಆಸ್ಲೋ ಬೇಕೇ ಬೇಕೆಂದರೆ

ಹೆಲ್ಸಿಂಕಿಯ ಬದಲು ಇಟ್ಟುಕೊಳ್ಳಿ, ಜೊತೆಗೆ ಬೇಡ. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಐದಾರು ಗಂಟೆ. ಮೂರೂ ನಗರಗಳಿಗಿಂತ ಊಟ ದುಬಾರಿ, ಆದರೆ ಪುಕ್ಕಟೆಯಾಗಿ ನೋಡುವುದು ಇನ್ನೂ ಹೆಚ್ಚು. ವೀಗೆಲಾನ್ ಉದ್ಯಾನದ ಇನ್ನೂರಕ್ಕೂ ಹೆಚ್ಚು ಶಿಲ್ಪಗಳನ್ನು ಯಾವ ಹೊತ್ತಿನಲ್ಲಾದರೂ ನೋಡಬಹುದು. 2008ರಲ್ಲಿ ತೆರೆದ ಆಪೆರಾ ಭವನದ ಮಾಡಿನ ಮೇಲೆ ಜನ ನಡೆದು ಹತ್ತುತ್ತಾರೆ. ಶಾಂತಿ ನೊಬೆಲ್ ಕೊಡುವುದು ಅಲ್ಲಿಯ ನಗರ ಭವನದಲ್ಲಿ, ಕೈಲಾಶ್ ಸತ್ಯಾರ್ಥಿ ಮತ್ತು ಮಲಾಲಾ 2014ರಲ್ಲಿ ಪಡೆದದ್ದು ಅಲ್ಲೇ. ವಿಮಾನ ನಿಲ್ದಾಣಕ್ಕೆ ಎರಡು ಬಗೆಯ ರೈಲು ಒಂದೇ ಹಳಿಯ ಮೇಲೆ ಓಡುತ್ತವೆ. ಎಲ್ಲೆಲ್ಲೂ ಜಾಹೀರಾತು ಕಾಣುವ ಎಕ್ಸ್‌ಪ್ರೆಸ್ಸಿಗೆ ಇಪ್ಪತ್ತು ನಿಮಿಷ, ಸಾಮಾನ್ಯ ರೈಲಿಗೆ ಮೂರು ನಾಲ್ಕು ನಿಮಿಷ ಹೆಚ್ಚು. ಎರಡನೆಯದರ ಟಿಕೆಟ್ ಮೊದಲನೆಯದರ ಅರ್ಧದಷ್ಟು. ಮೂವತ್ತರಿಂದ ಗುಣಿಸಿ ನೋಡಿ.